ಬೆಣಚುಕಲ್ಲಿನ ಜರಿಗಿಡ

"ಈ ಜಾಗ ಆರಿಸ್ಕೊಂಡಿದ್ದು ನಾನು. ಮೇಷ್ಟ್ರು ನಿನ್ನ ನನ್ನ ತಲೆಗೆ ಕಟ್ಟವ್ರೆ, ಅಷ್ಟೆ."

ಹೊಳೆನರಸೀಪುರದ ಬಾಡಿಗೆ ಕೋಣೆಯಲ್ಲಿ ನಾನು ಚೀಲ ಇಳಿಸುವ ಮೊದಲೇ ಅವಳು ಹೇಳಿದ ಮಾತು ಇದು. ಇಬ್ಬರೂ ಭೂವಿಜ್ಞಾನದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆವು. ಅವಳು ಚನ್ನರಾಯಪಟ್ಟಣದವಳು, ನಾನು ಅರಕಲಗೂಡಿನವಳು. ಸುತ್ತಲಿನ ಗುಡ್ಡಗಳ ಬಂಡೆಗಳನ್ನು ಪರೀಕ್ಷಿಸಿ ನಕ್ಷೆ ಬರೆಯುವುದು ನಮ್ಮ ಪ್ರಾಜೆಕ್ಟು. ನನಗೆ ಗೊತ್ತುಮಾಡಿದ್ದ ಜಾಗಕ್ಕೆ ಕಲ್ಲು ಪುಡಿಮಾಡುವ ಕ್ರಷರಿನವರು ಬೇಲಿ ಹಾಕಿಬಿಟ್ಟಿದ್ದರಿಂದ ಮೇಷ್ಟ್ರು ನನ್ನನ್ನು ಅವಳ ಜೊತೆಗೆ ಸೇರಿಸಿದ್ದರು.

ಬೆಳಿಗ್ಗೆ ಒಂದೇ ಬಸ್ಸಿಗೆ ಹತ್ತಿ ಬೇರೆ ಬೇರೆ ಸೀಟಿನಲ್ಲಿ ಕೂರುತ್ತಿದ್ದೆವು. ಗುಡ್ಡದ ಮೇಲೆ ಕಂಪಾಸು ಅವಳ ಕೈಯಲ್ಲಿ, ಸುತ್ತಿಗೆ ನನ್ನ ಕೈಯಲ್ಲಿ. ಪದರಗಳ ಓರೆ ಅಳೆದು ಅಂಕಿಯನ್ನು ಬಾಯೊಳಗೇ ಗೊಣಗುವಳು, ಇನ್ನೊಮ್ಮೆ ಕೇಳಿದರೆ "ಕಿವಿ ಇಲ್ವಾ?" ಅನ್ನುವಳು. ನಾನು ಒಡೆದ ಚೂರನ್ನು ಕಾಲಿನಿಂದ ತಳ್ಳಿ, "ಬರೀ ತೊಗಟೆ ಒಡೀತಿದ್ದೀಯ. ಒಳಗಿನ ಮುಖ ತೆಗಿ," ಅಂದಳು. ಜೋರಾಗಿ ಹೊಡೆದೆ. ಕಂದು ತೊಗಟೆಯ ಒಳಗೆ ಬೂದು ಹೊಳಪು, ಅದರಲ್ಲಿ ಕಡಲೆಕಾಳಿನಷ್ಟು ಕೆಂಪು ಹರಳುಗಳು. ಅವಳು ಹೇಳಿದ್ದು ಸರಿಯಾಗಿತ್ತು ಅನ್ನುವುದೇ ನನ್ನನ್ನು ಹೆಚ್ಚು ಉರಿಸಿತು.

ಒಂದು ದಿನ ಶುಂಠಿ ಹೊಲದ ಅಂಚಿನಲ್ಲಿ ಕಲ್ಲು ಒಡೆಯುತ್ತಿದ್ದಾಗ ಹೊಲದವನು ಕೂಗುತ್ತ ಬಂದ.

"ಯಾರ್ ಕಳ್ಸಿದ್ದು ನಿಮ್ಮ? ಬೂವನಳ್ಳೀಲೂ ಏರೋಪ್ಲೇನ್ ನಿಲ್ದಾಣ ಅಂತ ಇಂಗೇ ಅಳ್ಯಕ್ಕೆ ಬಂದು ಜಮೀನು ಕಿತ್ಕಂಡ್ರಂತೆ. ಇಲ್ಲಿ ಕಾಲಿಟ್ರೆ ಸುಮ್ಕಿರಾಕಿಲ್ಲ ಕಣವ್ವಾ!"

"ಒಡೀತಿರೋಳು ಅವ್ಳು ಕಣಣ್ಣ, ಅವಳನ್ನೇ ಕೇಳಿ," ಎಂದು ಅವಳು ದೂರ ಸರಿದು ನಿಂತಳು.

ನಾನು ಬಾಯಿಬಿಡುವ ಮೊದಲೇ ಅವನು ನನ್ನ ಸುತ್ತಿಗೆ ಕಿತ್ತುಕೊಂಡು ಇಳಿಜಾರಿನ ಲಂಟಾನ ಪೊದೆಯೊಳಕ್ಕೆ ಎಸೆದ. ಮುಳ್ಳು ತರಚಿಸಿಕೊಂಡು ಹುಡುಕುವಾಗ ಸೀಳಿಬಿದ್ದ ಬಿಳಿ ಬೆಣಚುಕಲ್ಲೊಂದು ಕಾಲಿಗೆ ತಾಕಿತು. ಅದರ ಮೇಲೆ ಕಪ್ಪಗೆ, ಎಳೆ ಎಳೆಯಾಗಿ, ಜರಿಗಿಡದ ಎಲೆ! ಪಳೆಯುಳಿಕೆ ಅಂದುಕೊಂಡೆ. ಬೈಗುಳವೆಲ್ಲ ಮರೆತು ಅವಳಿಗೇ ತೋರಿಸಿದೆ. ಅವಳು ಲೆನ್ಸ್ ಹಿಡಿದು ತುಂಬ ಹೊತ್ತು ನೋಡಿದಳು.

"ಮೇಷ್ಟ್ರು ಬತ್ತಾರಲ್ಲ, ಎಲ್ಲರ ಮುಂದೆ ತೋರ್ಸು," ಅಂದಳು.

ಶನಿವಾರ ಮೇಷ್ಟ್ರು ಉಳಿದ ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದರು. ನಾನು ಕಲ್ಲನ್ನು ಎತ್ತಿ ಹಿಡಿದು ಒಂದು ಭಾಷಣವನ್ನೇ ಮಾಡಿದೆ. ಮುಗಿಸುತ್ತಲೇ ಅವಳು ಮುಂದೆ ಬಂದಳು.

"ಸರ್, ಈ ಬಂಡೆಗೆ ಮುನ್ನೂರು ಕೋಟಿ ವರ್ಷ ಮೀರಿದೆ. ಆಗ ಭೂಮಿ ಮೇಲೆ ಗಿಡಾನೇ ಇರ್ಲಿಲ್ಲ. ಈ ಕಪ್ಪು ಬಿರುಕಿನ ಮೇಲಷ್ಟೇ ಇದೆ, ಕಲ್ಲಿನೊಳಕ್ಕೆ ಹೋಗಿಲ್ಲ. ನೀರು ಬಿಟ್ಟುಹೋಗಿರೋ ಮ್ಯಾಂಗನೀಸು."

ಎಲ್ಲರೂ ಗೊಳ್ಳೆಂದರು. ಮೇಷ್ಟ್ರು ನನ್ನ ಕೈಗೆ ಚಾಕು ಕೊಟ್ಟು ಕೆರೆಯಲು ಹೇಳಿದರು. ಎಲೆ ಕಪ್ಪು ಪುಡಿಯಾಗಿ ಉದುರಿತು.

ಕೋಣೆಗೆ ಬಂದ ಮೇಲೆ ಕೇಳಿದೆ. "ನಿಂಗೆ ಅವತ್ತೇ ಗೊತ್ತಿತ್ತು, ಅಲ್ವಾ?"

"ಗೊತ್ತಿತ್ತು. ನನ್ನ ಜಾಗಕ್ಕೆ ಬಂದು ನೀನು ಹೆಸರು ಮಾಡ್ಕೊಳಕ್ಕೆ ನಾನ್ಯಾಕೆ ಬಿಡ್ಲಿ?"

ಮಾರನೆಯ ದಿನದಿಂದ ಅವಳದೂ ಒಂದು ತಪ್ಪು ಹಿಡಿಯಬೇಕೆಂಬ ಹಟಕ್ಕೆ ಪ್ರತಿ ಬಂಡೆಯನ್ನೂ ಮುಟ್ಟಿ, ಗೀರಿ, ಸುತ್ತು ಹಾಕಿ ನೋಡಿದೆ. ಯಾವ ಕಲ್ಲು ಒಂದು ಕಾಲಕ್ಕೆ ಕೆಸರಾಗಿದ್ದದ್ದು, ಯಾವುದು ಕರಗಿ ಹರಿದದ್ದು ಎಂದು ಹಾಗೇ ಕಲಿತೆ. ಕೊನೆಗೊಂದು ದಿನ ಅವಳು ಓರೆ ಅಳೆಯುತ್ತಿದ್ದ ದೊಡ್ಡ ಬಂಡೆಯ ಪದರಗಳು ಸುತ್ತಲ ಬಂಡೆಗಳಿಗೆ ಅಡ್ಡಡ್ಡವಾಗಿ ಕಂಡವು.

"ಬರ್ಕೋಬೇಡ. ಅದು ಮೇಲಿಂದ ಉರುಳಿ ಬಂದಿರೋದು."

"ನೀನು ಹೇಳ್ಕೊಡ್ಬೇಡ ನಂಗೆ."

ಕೂತು ಅದರ ಬುಡ ಕೆದಕಿದೆ. ಅಡಿಯಲ್ಲಿ ಮಣ್ಣು, ಹುಲ್ಲಿನ ಬೇರು. ನೆಲದ ಬಂಡೆಗೆ ಅದು ಅಂಟಿಯೇ ಇರಲಿಲ್ಲ. ಅವಳು ನಕ್ಷೆಯ ಆ ಗುರುತನ್ನು ಕಾಗದ ಹರಿಯುವ ಹಾಗೆ ಉಜ್ಜಿದಳು.

ನಕ್ಷೆ ಚೆನ್ನಾಗಿದೆ ಎಂದು ಮೇಷ್ಟ್ರು ಇಬ್ಬರನ್ನೂ ಹೊಗಳಿದರು. ಯಾರ ಹೆಸರು ಮೊದಲು ಅನ್ನುವುದಕ್ಕೂ ಜಗಳವಾಡಿದೆವು. ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಅವಳು ಚನ್ನರಾಯಪಟ್ಟಣದ ಬಸ್ಸು ಹತ್ತಿ ಕಿಟಕಿಯಿಂದ ನನ್ನನ್ನು ನೋಡಿದಳು. ನಾನೂ ನೋಡಿದೆ. ಯಾರೂ ಕೈಯೆತ್ತಲಿಲ್ಲ. ನನ್ನ ಬಸ್ಸು ಅರಕಲಗೂಡು ಮುಟ್ಟಿದರೂ ಸಿಟ್ಟು ಇಳಿದಿರಲಿಲ್ಲ. ಈಗಲೂ ಪೂರ್ತಿ ಇಳಿದಿಲ್ಲ.