ಮಾದಲದ ಕಸಿ

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆದರೆ ಮೈಸೂರಿನ ನರ್ಸರಿಯಲ್ಲಿ ನಾನು ಕಟ್ಟಿದ ಕಸಿ ಒಂದೂ ಒಣಗಿದ್ದಿಲ್ಲ. ಎಂಬತ್ತರ ದಶಕದಲ್ಲಿ ಅಮೆರಿಕದ ಪಾಲೋ ಆಲ್ಟೋದ ಹಿತ್ತಲುಗಳಲ್ಲಿ ಕೆಲಸ ಮಾಡುವಾಗಲೂ ಅದೇ ಕೈ.

ಅಲ್ಲಿ ಹಳೆಯ ಧರ್ಮಗಳ ಚರಿತ್ರೆ ಕಲಿಸುವ ಯಹೂದಿ ಪ್ರೊಫೆಸರರೊಬ್ಬರು ಕುಂಡದಲ್ಲಿ, ದೊಡ್ಡ ನಿಂಬೆಯಂಥ ಹಣ್ಣು ಬಿಡುವ ಮಾದಲದ ಗಿಡ ಸಾಕಿದ್ದರು. ಅವರ ಒಂದು ಹಬ್ಬದಲ್ಲಿ ಮಾದಲದ ಹಣ್ಣು ಕೈಯಲ್ಲಿ ಹಿಡಿದು ಪ್ರಾರ್ಥನೆ ಮಾಡಬೇಕು. ಪ್ರತಿವರ್ಷ ದೂರದಿಂದ ತರಿಸುತ್ತಿದ್ದರು. ಒಮ್ಮೆಯಾದರೂ ತಮ್ಮ ಹಿತ್ತಲಿನದೇ ಹಿಡಿಯಬೇಕೆಂಬುದು ಅವರ ಆಸೆ. ಎರಡು ವರ್ಷ ಹೊರದೇಶಕ್ಕೆ ಹೋಗುವಾಗ ಗಿಡವನ್ನು ನನಗೆ ಒಪ್ಪಿಸಿದರು.

ಅವರು ಹೋದ ತಿಂಗಳಿಗೇ ಬೇರು ಕೊಳೆಯಿತು. ಜೀವವಿದ್ದ ಒಂದು ಕಡ್ಡಿ ಕತ್ತರಿಸಿ ಇನ್ನೊಂದು ಕುಂಡದ ಗಟ್ಟಿಮುಟ್ಟಾದ ನಿಂಬೆಗಿಡಕ್ಕೆ ಕಸಿ ಕಟ್ಟಿದೆ. ಅವರು ಮರಳುವಾಗ ಹಬ್ಬಕ್ಕೆ ಒಂದೇ ವಾರ. ಕೊಂಬೆಯಲ್ಲಿ ಒಂದೇ ಹಣ್ಣು, ಹಳದಿಗೆ ತಿರುಗಿ ತೂಗುತ್ತಿತ್ತು.

ಪ್ರೊಫೆಸರರ ಕಣ್ಣು ತುಂಬಿತು. ಆಮೇಲೆ ಬಗ್ಗಿ ಕಾಂಡದ ಗಂಟು ನೋಡಿದರು.

"ಇದೇನು?"

"ಕಸಿ ಸಾರ್. ನಾನೇ ಕಟ್ಟಿದ್ದು."

ಅವರು ಹುಲ್ಲಿನ ಮೇಲೆ ಕೂತುಬಿಟ್ಟರು. ಕಸಿಯ ಹಣ್ಣು ಹಬ್ಬಕ್ಕೆ ಸಲ್ಲುವುದಿಲ್ಲವಂತೆ. ಒಂದು ಜಾತಿಯ ಮರಕ್ಕೆ ಇನ್ನೊಂದನ್ನು ಕಟ್ಟುವುದೇ ಅವರಲ್ಲಿ ನಿಷಿದ್ಧ. ಇದಕ್ಕೆ ನೂರಾರು ವರ್ಷಗಳ ಹಿಂದೆ ಅವರ ಪಂಡಿತನೊಬ್ಬ ಕಾರಣ ಬರೆದಿದ್ದನಂತೆ. ಸಾಬಿಯನ್ನರೆಂಬ ಪುರಾತನ ಜನ ಸೂರ್ಯ, ಚಂದ್ರ, ನಕ್ಷತ್ರಗಳನ್ನೇ ದೇವರೆಂದು ಪೂಜಿಸುತ್ತಿದ್ದರು. ಕಸಿ ಕಟ್ಟುವಾಗಲೂ ಗ್ರಹಗತಿ ನೋಡಿ ಮಂತ್ರ ಹೇಳುತ್ತಿದ್ದರು. ಯಹೂದಿಗಳ ಮೂಲಪುರುಷ ಬೆಳೆದದ್ದು ಅವರ ನಡುವೆಯೇ. ನಕ್ಷತ್ರಗಳನ್ನೆಲ್ಲ ನಡೆಸುವವನು ಬೇರೊಬ್ಬನಿದ್ದಾನೆ, ಅವನೊಬ್ಬನೇ ದೇವರು ಎಂದು ಜಗಳವಾಡಿ ಅವನು ಅಲ್ಲಿಂದ ಹೊರಟ. ಹಳೆಯ ಪೂಜೆ ಮತ್ತೆ ಹತ್ತಿರ ಸುಳಿಯದಿರಲೆಂದೇ ಕಸಿಗೆ ನಿಷೇಧ.

"ಅಂಥ ಜನ ನಿಜವಾಗಿ ಇದ್ರಾ, ಇಲ್ಲ ಪಂಡಿತ ಯಾರದೋ ಹಳೇ ಪುಸ್ತಕ ನಂಬಿ ಬರೆದನಾ ಅಂತ ನಾವಿನ್ನೂ ಕಿತ್ತಾಡ್ತಿದ್ದೀವಿ," ಎಂದರು. "ನೀವು ಕಟ್ಟುವಾಗ ಏನೂ ಹೇಳಲಿಲ್ಲ ತಾನೇ?"

ಕೆಲಸದ ವಿಷಯದಲ್ಲಿ ನಾನು ಸುಳ್ಳು ಹೇಳುವವನಲ್ಲ. "ಭಾನುವಾರ ರಾಹುಕಾಲ ಬಿಟ್ಟು, ಸೂರ್ಯನಿಗೆ ಕೈಮುಗಿದು, ಶ್ಲೋಕ ಹೇಳಿ ಕಟ್ಟಿದೆ. ಶುಕ್ಲಪಕ್ಷ ಬರಲಿ ಅಂತ ಐದು ದಿನ ಕಾದಿದ್ದೆ ಸಾರ್. ಹಾಗೆ ನೋಡದೆ ಯಾರಾದ್ರೂ ಕಟ್ತಾರಾ?"

ಪ್ರೊಫೆಸರರು ಜೇಬು ತಡಕಿ ಪೆನ್ನು ತೆಗೆದರು.

"ಸೂರ್ಯನಿಗೆ ಯಾವ ಲೋಹ?"

"ತಾಮ್ರ."

"ಚಿನ್ನ ಅಲ್ವಾ? ಸಾಬಿಯನ್ನರ ಸೂರ್ಯನ ಮೂರ್ತಿ ಚಿನ್ನದ್ದು."

"ಅವರು ಅನುಕೂಲಸ್ಥರು ಇರಬೇಕು ಸಾರ್."

ಅದನ್ನೂ ಬರೆದುಕೊಂಡರು. ಕಸಿಗಿಡವನ್ನು ಅವರು ಇಟ್ಟುಕೊಳ್ಳುವಂತಿರಲಿಲ್ಲ, ಕಡಿಯಲು ಮನಸ್ಸು ಬರಲಿಲ್ಲ. ಹಣ್ಣು ತಿನ್ನಲು ಅಡ್ಡಿಯಿಲ್ಲ ಎಂದು ಹೇಳಿ ನನಗೇ ಕೊಟ್ಟರು. ಪಿಕಪ್ಪಿನಲ್ಲಿ ಹೇರಿಕೊಂಡು ಮನೆಗೆ ಬಂದೆ.

"ಎರಡು ವರ್ಷ ನನ್ನ ತುಳಸಿ ಕಡೆ ತಿರುಗಿ ನೋಡಲಿಲ್ಲ," ಎಂದಳು ಹೆಂಡತಿ. "ಈಗ ಅವರ ದೇವರಿಗೂ ನಿಮ್ಮ ಮೇಲೆ ಕೋಪ."

"ಪೂಜೆಗೆ ಆಗಲ್ಲ ಅಷ್ಟೇ ಕಣೇ. ತಿನ್ನಬಹುದಂತೆ."

"ಮತ್ಯಾಕೆ ಮುಖ ಊದಿಸ್ಕೊಂಡಿದೀರಾ? ಕೊಡಿ ಇಲ್ಲಿ, ಉಪ್ಪಿನಕಾಯಿಗೆ."

ಕೊಡಲಿಲ್ಲ. ಹಬ್ಬದ ದಿನ ಪ್ರೊಫೆಸರರು ಕರೆದಿದ್ದರು. ಹಣ್ಣನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದೆ. ಅವರು ದೂರದಿಂದ ತರಿಸಿದ್ದನ್ನು ಹಿಡಿದು ಪ್ರಾರ್ಥನೆ ಮಾಡಿದರು. ಅದು ನನ್ನದರ ಅರ್ಧವೂ ಇರಲಿಲ್ಲ. ನಾನು ಟವೆಲು ಬಿಚ್ಚಿ ನನ್ನ ಹಣ್ಣನ್ನು ಮೇಜಿನ ಮೇಲಿಟ್ಟೆ. ಪ್ರಾರ್ಥನೆ ಮುಗಿಸಿದ ಪ್ರೊಫೆಸರರು ಎರಡನ್ನೂ ನೋಡಿ, ನೆಂಟರಿಗೆ ಕೇಳಿಸದಂತೆ ನನ್ನ ಕಿವಿಯ ಹತ್ತಿರ ಬಗ್ಗಿದರು.

"ನಿಮ್ಮದೇ ಚೆನ್ನಾಗಿದೆ," ಎಂದರು.