ಏಕಾದಶಿ ಮಾಡುತ್ತಿದ್ದ ಬೆಕ್ಕು

ಮದುವೆಯಾಗಿ ಲಗ್ಗೆರೆಗೆ ಬಂದಾಗ ಗಂಡನ ಜೊತೆ ಅತ್ತೆ ಬಂದರು, ಅತ್ತೆಯ ಜೊತೆ ಒಂದು ಬೂದು ಬೆಕ್ಕು ಬಂತು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಗಂಡನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ನಾವಿದ್ದದ್ದು ಊರಿನ ರೈತರೊಬ್ಬರು ಹೊಲದ ಅಂಚಿಗೆ ಕಟ್ಟಿಸಿದ್ದ ಸಾಲುಮನೆಯಲ್ಲಿ. ಅತ್ತೆ ಆ ಬೆಕ್ಕನ್ನು ಮೊಮ್ಮಗನಿಗಿಂತ ಹೆಚ್ಚಾಗಿ ನೋಡಿಕೊಳ್ಳುತ್ತಿದ್ದರು. ಮೊಮ್ಮಗ ಇನ್ನೂ ಹುಟ್ಟಿರಲಿಲ್ಲ ಎಂಬುದು ಬೇರೆ ಮಾತು. ಅದನ್ನೂ ಅವರು ದಿನಾ ನೆನಪಿಸುತ್ತಿದ್ದರು.

ಬೆಕ್ಕಿನದು ಒಂದೇ ರಗಳೆ, ಹೊಟ್ಟೆ. ಸ್ವಲ್ಪ ದಿನ ಗುಂಡುಕಲ್ಲಿನ ಹಾಗಿರುತ್ತಿತ್ತು, ಆಮೇಲೆ ಒಂದು ಬೆಳಿಗ್ಗೆ ಭೇದಿ ಶುರು. ಅದೂ ಎಲ್ಲಿ? ಮನೆ ಓನರಮ್ಮ ಸಗಣಿ ಸಾರಿಸಿ ರಾಗಿ ಒಣಹಾಕುವ ಅಂಗಳದಲ್ಲೇ. ಅತ್ತೆ ಓಮದ ನೀರು ಕುಡಿಸುತ್ತಿದ್ದರು, ದೃಷ್ಟಿ ತೆಗೆಯುತ್ತಿದ್ದರು. ಸರಿಹೋಯಿತು ಅನ್ನುವಷ್ಟರಲ್ಲಿ ಮತ್ತೆ ಅದೇ ಕಥೆ.

ನನ್ನ ಗುಮಾನಿ ಗಂಡನ ಮೇಲೆ. ಅವರು ಕ್ಯಾಂಟೀನಿನಿಂದ ಬೋಂಡ ಕಟ್ಟಿಸಿಕೊಂಡು ಬಂದು ಅದಕ್ಕೂ ಒಂದು ಚೂರು ಹಾಕುತ್ತಿದ್ದರು. ಜಗಳವಾಡಿ ಬೋಂಡ ನಿಲ್ಲಿಸಿದೆ. ಬೋಂಡ ನಿಂತಿತು, ಭೇದಿ ನಿಲ್ಲಲಿಲ್ಲ. ನಷ್ಟವಾದದ್ದು ನನ್ನ ನಾಲಿಗೆಗೆ.

ಒಂದು ದಿನ ಓನರಮ್ಮ ಪೊರಕೆ ಹಿಡಿದೇ ನಮ್ಮ ಬಾಗಿಲಿಗೆ ಬಂದರು.

"ಇನ್ನೊಂದ್ ಕಿತ ಇಂಗ್ ಮಾಡ್ತಂದ್ರೆ ಚೀಲಕ್ಕಾಕ್ಕೊಂಡೋಗಿ ತುಮ್ಕೂರ್ ರೋಡಿಂದಾಚೆ ಬಿಟ್ಬರ್ತೀನಿ ಕಣವ್ವ."

ಅವರು ಆಡಿದ ಮಾತು ತಪ್ಪುವವರಲ್ಲ. ಅತ್ತೆ ಆ ಹೊತ್ತು ಊಟ ಮಾಡಲಿಲ್ಲ. ನನಗೂ ಅನ್ನ ಇಳಿಯಲಿಲ್ಲ; ಬಯ್ಯುತ್ತ ಬಯ್ಯುತ್ತಲೇ ಆ ಹಾಳು ಬೆಕ್ಕು ನನಗೂ ಬೇಕಾಗಿಬಿಟ್ಟಿತ್ತು.

ಬುಟ್ಟಿಯಲ್ಲಿ ಕೂರಿಸಿ, ಮೇಲೆ ಹಳೇ ಸೀರೆ ಕಟ್ಟಿ, ಅದನ್ನು ದನದ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಎತ್ತು, ಎಮ್ಮೆಗಳ ನಡುವೆ ನಮ್ಮ ಬುಟ್ಟಿ ಮಿಯಾಂವ್ ಎಂದಾಗ ಅಲ್ಲಿದ್ದವರೆಲ್ಲ ನಕ್ಕರು. ಡಾಕ್ಟರು ಮಾತ್ರ ನಗದೆ, ಏನು ತಿನ್ನುತ್ತೆ ಎಂದು ಕೇಳಿದರು. ಅನ್ನ, ಒಂದು ಚೂರು ಮೊಸರು, ಮಿಕ್ಕದ್ದು ಅದೇ ಹಿಡಿಯುವ ಇಲಿ ಎಂದೆ. ದಿನಾ ಇದೇನಾ ಎಂದರು. ಅತ್ತೆ ಹೆಮ್ಮೆಯಿಂದ ಮುಂದೆ ಬಂದರು.

"ಏಕಾದಶಿ ದಿನ ಮಾತ್ರ ಅನ್ನ ಹಾಕಲ್ಲ ಡಾಕ್ಟ್ರೇ. ನನ್ ಜೊತೆ ಅದೂ ಉಪವಾಸ. ಇಲಿ ಹಿಡಿದ್ರೆ ವ್ರತ ಕೆಡುತ್ತೆ ಅಂತ ಆಚೇನೂ ಬಿಡಲ್ಲ. ಬರೀ ಹಾಲು, ಎಷ್ಟ್ ಬೇಕೋ ಅಷ್ಟು."

ನಾನು ದಂಗಾದೆ. ಅದು ಬಟ್ಟಲುಗಟ್ಟಲೆ ಹಾಲು ಕುಡಿಯುವುದನ್ನು ಕಂಡಿದ್ದೆ. ಬೆಕ್ಕಲ್ಲವೇ, ಕುಡಿಯಲಿ ಎಂದುಕೊಂಡಿದ್ದೆ. ಅದು ವ್ರತ ಎಂದು ಯಾರಿಗೆ ಗೊತ್ತು? ನೆನಪು ಮಾಡಿಕೊಂಡರೆ ಭೇದಿಯೆಲ್ಲ ದ್ವಾದಶಿಯ ಬೆಳಿಗ್ಗೆಯೇ. ಡಾಕ್ಟರು ಬಹಳ ಗೌರವದಿಂದ, ಬೆಕ್ಕಿಗೆ ಅಷ್ಟು ಹಾಲು ಅರಗುವುದಿಲ್ಲ, ಅದನ್ನು ವ್ರತದಿಂದ ಬಿಡಿಸಿಬಿಡಿ ಎಂದರು.

ದಾರಿಯುದ್ದಕ್ಕೂ ಅತ್ತೆಯ ಮುಖ ಸಪ್ಪಗಿತ್ತು. ಮುಂದಿನ ಜನ್ಮದಲ್ಲಾದರೂ ಅದು ಒಳ್ಳೆಯ ಕಡೆ ಹುಟ್ಟಲಿ ಎಂದು ಉಪವಾಸ ಮಾಡಿಸುತ್ತಿದ್ದರಂತೆ. ಈ ಜನ್ಮದಲ್ಲಿ ಅಂಗಳ ಉಳಿಸಿಕೊಳ್ಳಲಿ ಸಾಕು ಎಂದೆ ನಾನು.

ಮುಂದಿನ ಏಕಾದಶಿ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಸೀಮೆಎಣ್ಣೆ ಸ್ಟೌ ಮೇಲೆ ಅನ್ನ ಬೇಯುತ್ತಿತ್ತು. ಆ ದಿನ ಅಕ್ಕಿಯನ್ನೇ ಮುಟ್ಟದ ಅತ್ತೆ ತಾವೇ ಅನ್ನ ಕಲಸಿ ಬೆಕ್ಕಿನ ಮುಂದಿಟ್ಟು, ಬಾಗಿಲು ತೆರೆದುಬಿಟ್ಟರು. ಅವರಿಗೆಂದು ನಾನು ಕಾಯಿಸಿಟ್ಟ ಹಾಲು ಸಂಜೆಯವರೆಗೂ ಹಾಗೇ ಕೆನೆಗಟ್ಟಿ ಕೂತಿತ್ತು.

ಮರುದಿನ ಓನರಮ್ಮ ಅಂಗಳವನ್ನೆಲ್ಲ ಸುತ್ತಿ ನೋಡಿದರು. ಎಲ್ಲೂ ಏನೂ ಇರಲಿಲ್ಲ. ಬೆಕ್ಕು ಹೋಗಿ ಅವರ ಕಾಲಿಗೇ ಮೈ ಉಜ್ಜಿತು. ಇರ್ಲಿ ಬುಡವ್ವ ಎಂದು ನಗುತ್ತ ಹೋದರು. ನನಗೆ ಕುಣಿಯುವಷ್ಟು ಖುಷಿ. ಒಳಗೋಡಿ ಅತ್ತೆಗೆ ಸುದ್ದಿ ಹೇಳಿ, ದ್ವಾದಶಿಯ ಊಟ ಬಡಿಸುತ್ತ, ನಿನ್ನೆ ಹಾಲು ಯಾಕೆ ಮುಟ್ಟಲಿಲ್ಲ ಎಂದು ಕೇಳಿದೆ.

ಅತ್ತೆ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು. "ಅದರ ಪಾಲಿನ ಉಪವಾಸಾನೂ ನಾನೇ ಮಾಡ್ಬೇಕಲ್ಲಮ್ಮ, ಇನ್ಮೇಲೆ."