ಸುಬ್ಬಯ್ಯನ ನಡಿಗಿ

ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ಒಂದು ಮಾತು ಕೇಳು ಅಂತ ಸುಬ್ಬಯ್ಯ ನನಗೆ ಹೇಳಿದ್ದ. ನಾನು ಕೇಳಲಿಲ್ಲ, ಅವನ ದನಿ ತೆಗೆದು ಆಡಿ ತೋರಿಸಿದೆ. ಪಡಸಾಲೆಯಲ್ಲಿ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ಆಯಿಯೂ ನಕ್ಕಳು. ಕೇಳುವುದು ಹಾಗೇ ಉಳಿಯಿತು. ಮಂದಿಯ ದನಿ, ಕೆಮ್ಮು, ನಡಿಗೆ ಕದಿಯುವುದು ಬಿಟ್ಟರೆ ನನಗೆ ಬೇರೆ ಕಸುಬಿಲ್ಲ. ಬಿ.ಎ.ಯಲ್ಲಿ ಡುಮ್ಕಿ ಹೊಡೆದ ದಡ್ಡನ ನಕಲು ಮಾಡಲು ಮಾತ್ರ ಏನೂ ಕಲಿಯಬೇಕಾಗಿಲ್ಲ, ಸುಮ್ಮನೆ ನಿಂತರೆ ಸಾಕು.

ಸುಬ್ಬಯ್ಯನ ನಡಿಗೆ ನೋಡಬೇಕಿತ್ತು. ಹುನಗುಂದದ ಅಗಲವಾದ ಡಾಂಬರು ರಸ್ತೆಯಲ್ಲೂ ಒಂದು ಹೆಜ್ಜೆಯ ಮುಂದೆ ನೆಟ್ಟಗೆ ಇನ್ನೊಂದು ಹೆಜ್ಜೆ ಇಟ್ಟು, ಎರಡೂ ಕೈ ತುಸು ಅಗಲಿಸಿ, ಹಗ್ಗದ ಮೇಲೆ ಹೊಂಟವನಂತೆ ನಡೆಯುತ್ತಿದ್ದ. ಗುಂಟೂರು ಕಡೆಯವನು. ಹುಟ್ಟಿದಾಗಿನಿಂದ ಭತ್ತದ ಗದ್ದೆಯ ಬದುವಿನ ಮೇಲೇ ತಿರುಗಾಡಿದ ಕಾಲು ಅವು. ಕೂಡಲಸಂಗಮದ ಈಚೆ, ಮಲಪ್ರಭೆಯ ದಂಡೆಯಲ್ಲಿ ಜಾಲಿ ಬೆಳೆದು ಬಿದ್ದಿದ್ದ ನಮ್ಮ ಕರಿಮಣ್ಣಿನ ಎರಿ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಿಡಿದು, ಜಾಲಿ ಕಡಿದು ಮೆಣಸಿನಗಿಡ ಹಚ್ಚಿದ. ಹೊಲದಲ್ಲೇ ತಗಡಿನ ಶೆಡ್ಡು, ಅದರಲ್ಲಿ ಅವನು, ಹೆಂಡತಿ ನಾಗಮ್ಮ. ಇಷ್ಟು ದೂರ ಯಾಕ ಬಂದ್ರಿ ಅಂತ ಯಾರು ಕೇಳಿದರೂ ಒಂದೇ ಉತ್ತರ: "ನೀವು ಬಿಟ್ಟ ಕೃಷ್ಣಾ ನೀರ ಕುಡದ ಬೆಳದೋನು ಬಾಬು. ಮ್ಯಾಲೆ ಏನ ಮಾಡ್ತಾರ ನೋಡೋಣ ಅಂತ ಬಂದೆ."

ಅವನು ಕೇಳು ಅಂದಿದ್ದು ಚರಗದ ಮಾತು. ಎಳ್ಳ ಅಮಾಸಿಗೆ ನಮ್ಮ ಕಡೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜಿಸಿ, ಮಾಡಿದ ಅಡಿಗೆಯನ್ನೆಲ್ಲ ಕಲಸಿ ಬೆಳೆಗೆ ಚೆಲ್ಲುತ್ತೇವೆ. ಬಸುರಿ ಭೂಮಿತಾಯಿಗೆ ಅದು ಬಯಕೆಯ ಊಟ. ಹೊಲ ನಮ್ಮದು, ಆದ್ದರಿಂದ ಚರಗವೂ ನಮ್ಮದು. ಸುಬ್ಬಯ್ಯ ಪ್ರತಿ ವರ್ಷ ಶೆಡ್ಡಿನ ಬಾಗಿಲಲ್ಲಿ ಕೈಮುಗಿದು ನಿಂತು ನೋಡುತ್ತಿದ್ದ. ಆ ವರ್ಷ ಮಾತ್ರ ನನ್ನನ್ನು ಹಿಡಿದು ಕೇಳಿದ: "ನಾನೂ ಒಂದ ಮುಟಗಿ ಚೆಲ್ಲಲೇನ ಬಾಬು? ಗಿಡಾ ಹಚ್ಚಿದೋನು ನಾನ ಅಲ್ಲೇನ? ಅಮ್ಮನ್ನ ಒಂದ ಮಾತ ಕೇಳು."

ಅಮಾಸಿಯ ದಿನ ಚರಗದ ಗಡಿಗೆ ನನ್ನ ಕೈಗೆ ಬಂತು. ಅದನ್ನು ಎದೆಗೆ ಅವಚಿ, ಕಾಲಿನ ಕೆಸರು ಒದರುತ್ತ, ಮೊಣಕಾಲು ಎತ್ತೆತ್ತಿ ಹಾಕುತ್ತ ಸಾಲಿಗೆ ಇಳಿದವನಿಗೆ ಹುರುಪು ತಡೆಯಲಾಗಲಿಲ್ಲ. ತಲೆಗೆ ಟವೆಲ್ ಸುತ್ತಿ, ಸುಬ್ಬಯ್ಯನ ಹಾಗೆ ಹೆಜ್ಜೆಯ ಮುಂದೆ ಹೆಜ್ಜೆ ಇಟ್ಟೆ. ಎಲ್ಲರೂ ನಕ್ಕರು, ನಾಗಮ್ಮನೂ ಸೆರಗು ಬಾಯಿಗೆ ಹಿಡಿದಳು. ಹಿಂದಿನ ದಿನವಷ್ಟೇ ನೀರು ಹಾಯಿಸಿದ ಎರಿ. ಕಾಲು ಜಾರಿತು, ಗಡಿಗೆ ಒಡೆಯಿತು. ಇಡೀ ಹೊಲದ ಊಟ ಒಂದೇ ಮೆಣಸಿನಗಿಡದ ಪಾಲಾಯಿತು.

ಯಾರೂ ನಗಲಿಲ್ಲ. ಬುಟ್ಟಿಯಲ್ಲಿ ಉಳಿದದ್ದಕ್ಕೆ ಹುಡುಗರು ಆಗಲೇ ಕೈಹಾಕಿ ಎಂಜಲು ಮಾಡಿದ್ದರು. "ಬಯಕಿ ಊಟ ತಪ್ಪಿಸಿದೆಲ್ಲೋ ಮೂಳಾ" ಅಂತ ಆಯಿ ತಲೆಯ ಮೇಲೆ ಕೈಹೊತ್ತು ಬದುವಿನ ಮೇಲೆ ಕೂತಳು.

ಸುಬ್ಬಯ್ಯ ಶೆಡ್ಡಿನೊಳಗೆ ಹೋಗಿ ಪಾತ್ರೆಯೊಂದನ್ನು ತಂದ. ಒಳಗೆ ಹಳದಿ ಹುಣಸೆಹುಳಿ ಅನ್ನ, ಇನ್ನೂ ಹಬೆಯಾಡುತ್ತಿತ್ತು. "ನಾಗಮ್ಮ ಮಾಡ್ಯಾಳ್ರಿ ಅಮ್ಮ. ಯಾರೂ ಮುಟ್ಟಿಲ್ಲ."

ಕಾಕಾ ಆಯಿಯ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ ಅಂದ: "ಯವ್ವಾ, ಲಾವಣಿದಾಂವ ಇವತ್ತ ಚರಗಾ ಚೆಲ್ಲತಾನ, ನಾಳೆ ಹೊಲಾನೂ ನಂದ ಅಂತಾನ."

"ಹೊಲ ನಿಮ್ಮದ ಸಾಹುಕಾರ್ರ. ನಾ ಗಿಡದ ಹೊಟ್ಟಿಗಿ ಅಷ್ಟ ಕೇಳೇನಿ. ಮೊದಲ ಬಾಬುಗೂ ಹೇಳಿದ್ದೆ."

ಆಯಿ ನನ್ನ ಕಡೆ ನೋಡಿದಳು. ಪಡಸಾಲೆಯ ನಗೆ ಅವಳಿಗೆ ನೆನಪಾಗಿರಬೇಕು. ಆಮೇಲೆ ಕಾಕಾನಿಗೆ ಅಂದಳು: "ಬಸುರಿ ಹೆಂಗಸಿಗೆ ನೀಡೂ ಮುಂದ ನೀಡಾಂವ ಯಾವೂರಾಂವ ಅಂತ ಕೇಳ್ಕೋತ ಕುಂಡ್ರತೀ ಏನ? ಸುಬ್ಬಯ್ಯ, ಚೆಲ್ಲಪಾ."

ಸುಬ್ಬಯ್ಯ ಚಪ್ಪಲಿ ಬಿಟ್ಟು ಸಾಲಿಗೆ ಇಳಿದ. ಹೆಜ್ಜೆಯ ಮುಂದೆ ಹೆಜ್ಜೆ. ಕೈಯಿಂದ ಹಳದಿ ಅನ್ನ ಕೆಂಪು ಕಾಯಿಗಳ ಮೇಲೆ ಬೀಳುತ್ತಿತ್ತು. ಹಿಂದೆ ನೀರು ಚಿಮುಕಿಸುತ್ತ ಹೋದವನು ನಾನು, ಮೊಣಕಾಲ ತನಕ ಕೆಸರು. ಆ ತುದಿ ಮುಟ್ಟಿದಾಗ ಸುಬ್ಬಯ್ಯ ಮುಖ ಒರೆಸಿಕೊಂಡ. ಬೆವರಿರಬೇಕು ಅಂದುಕೊಂಡೆ, ಆದರೆ ಅದು ಚಳಿಗಾಲ.

ಅದರ ಮುಂದಿನ ಬೇಸಿಗೆಗೆ ಅವನ ಅಣ್ಣ ತೀರಿಕೊಂಡ. ಊರ ಗದ್ದೆ ನೋಡುವವರಿಲ್ಲ ಅಂತ ಗಂಡ ಹೆಂಡತಿ ಹೊರಟರು. ಶೆಡ್ಡಿನ ತಗಡು ಬಿಚ್ಚಿ ಟೆಂಪೋಕ್ಕೆ ಏರಿಸಿದವನೂ ನಾನೇ. ಅಂಥ ಹೊತ್ತಿನಲ್ಲಿ ನನಗೆ ಬರುವುದು ಚೇಷ್ಟೆ ಒಂದೇ.

"ನೀವ ಹ್ವಾದ್ರ ನಾ ಇನ್ನ ಯಾರ ನಡಿಗಿ ಮಾಡ್ಲಿ, ಸುಬ್ಬಯ್ಯಾರ? ಅಮಾಸಿಗೆ ಚರಗಾ ಯಾರ ಚೆಲ್ಲಬೇಕು?"

ಸುಬ್ಬಯ್ಯ ಟೆಂಪೋದಿಂದ ಇಳಿದ. ಕೆಸರು ಹಿಡಿದ ಕಾಲನ್ನು ಒದರುತ್ತ, ಮೊಣಕಾಲು ಎತ್ತೆತ್ತಿ ಹಾಕುತ್ತ, ಇಲ್ಲದ ಗಡಿಗೆಯೊಂದನ್ನು ಎದೆಗೆ ಅವಚಿಕೊಂಡು ನಾಲ್ಕು ಹೆಜ್ಜೆ ನಡೆದ. ಅದು ನಾನೇ, ಬೀಳುವ ಮುಂಚಿನ ನಾನು. ನಾಗಮ್ಮ ಟೆಂಪೋದಲ್ಲಿ ಕೂತಲ್ಲೇ ನಗತೊಡಗಿದಳು.

"ಚರಗಾ ನೀನ ಚೆಲ್ಲು ಬಾಬು, ನಿನ್ನ ನಡಿಗಿಲೇ ನಡದ ಚೆಲ್ಲು," ಅಂದ. "ಹಬ್ಬಕ್ಕ ಹ್ವಾದಾಗ ನಮ್ಮೂರಾಗ ಆಗಲೇ ಎಲ್ಲಾರ್ಗೂ ತೋರಿಸೇನಿ, ಭಾಳ ನಗ್ತಾರ."